ಚಾರ್ಲ್ಟನ್ ಸರಿ, ಕೂಪರ್ ಗತಿ ಏನು?

ಆಟ ಮುಗಿದ ಮೇಲೆ ಬುದ್ಧಿ ಹೇಳುವವರಿಗೆ ಯಾವ ಊರಲ್ಲೂ ಬರವಿಲ್ಲ. ಆದರೆ ಒಂದೇ ಪಂದ್ಯದ ಜಗಳ ಐವತ್ತು ವರ್ಷ ದಾಟಿದರೂ ಮುಗಿದಿಲ್ಲ ಅಂದರೆ ಅದರಲ್ಲಿ ಏನೋ ಹುರುಳಿರಲೇಬೇಕು. 1970ರ ಜೂನ್ 14ರಂದು ಮೆಕ್ಸಿಕೋದ ಲಿಯೋನ್‌ನಲ್ಲಿ ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ ಆಡಿದ ವಿಶ್ವಕಪ್ ಫುಟ್‌ಬಾಲ್ ಕ್ವಾರ್ಟರ್ ಫೈನಲ್ ಅಂಥದ್ದು.

ಮೊದಲು ಬಿಸಿಲಿನ ಮಾತು. ಪಂದ್ಯ ಶುರುವಾದದ್ದು ನಡುಹಗಲು 12 ಗಂಟೆಗೆ. ಯಾಕೆ? ಯೂರೋಪಿನ ಜನ ಸಂಜೆ ಟಿ.ವಿ. ಮುಂದೆ ಆರಾಮಾಗಿ ಕೂತು ನೋಡಲಿ ಅಂತ! ಊರೋ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ, ಗಾಳಿ ತೆಳು. ನೋಡುವವರಿಗೆ ನೆರಳು, ಓಡುವವರಿಗೆ ಕೆಂಡ.

ಆ ಕೆಂಡದಲ್ಲೂ ಇಂಗ್ಲೆಂಡ್ 2-0 ಮುಂದಿತ್ತು. 68ನೇ ನಿಮಿಷಕ್ಕೆ ಬೆಕೆನ್‌ಬೌರ್ ಒಂದು ಗೋಲು ಹೊಡೆದ. ಅದಾದ ಕೂಡಲೇ ಮ್ಯಾನೇಜರ್ ಸರ್ ಆಲ್ಫ್ ರಾಮ್ಸೆ ಸಾಹೇಬರು ಬಾಬಿ ಚಾರ್ಲ್ಟನ್‌ನನ್ನು ಹೊರಗೆ ಕರೆದು ಕಾಲಿನ್ ಬೆಲ್‌ನನ್ನು ಇಳಿಸಿದರು. ಆಮೇಲೆ ಪೀಟರ್ಸ್ ಬದಲು ಹಂಟರ್. ಹಂಟರ್ ಇಳಿದು ಬೆವರುವ ಮೊದಲೇ ಸೀಲರ್ ಬೆನ್ನು ತಿರುಗಿಸಿ ತಲೆಯಲ್ಲೇ ಚೆಂಡು ಹಾಕಿ 2-2 ಮಾಡಿದ. ಹೆಚ್ಚುವರಿ ಸಮಯದಲ್ಲಿ ಮುಲ್ಲರ್ ಕಥೆ ಮುಗಿಸಿದ. ಹಿಂದಿನ ಸಲ ಕಪ್ ಗೆದ್ದವರು ಗಂಟುಮೂಟೆ ಕಟ್ಟಿದರು.

ಅವತ್ತಿನಿಂದ ಇಂಗ್ಲೆಂಡಿನ ಅಭಿಮಾನಿಗಳದ್ದು ಒಂದೇ ಪ್ರಶ್ನೆ: ಚಾರ್ಲ್ಟನ್‌ನನ್ನು ಯಾಕೆ ತೆಗೆದರು? ಅದು ಆತನ 106ನೇ ಅಂತರರಾಷ್ಟ್ರೀಯ ಪಂದ್ಯ, ಕೊನೆಯದೂ ಅದೇ. ಹೊಟ್ಟೆ ಕೆಟ್ಟು ಮಲಗಿದ ಗೋಲ್‌ಕೀಪರ್ ಬ್ಯಾಂಕ್ಸ್ ಬದಲು ನಿಂತ ಬೊನೆಟ್ಟಿಗಂತೂ ಸಾಯುವ ತನಕ ಬೈಗುಳ ತಪ್ಪಲಿಲ್ಲ. ನಾಲ್ಕು ದಿನದ ನಂತರ ಪ್ರಧಾನಿ ವಿಲ್ಸನ್ ಚುನಾವಣೆ ಸೋತದ್ದಕ್ಕೂ ಈ ಪಂದ್ಯವೇ ಕಾರಣ ಅಂದವರುಂಟು. ಸೋತವರಿಗೆ ನೆಪ ಸಿಗದೇ ಇರುತ್ತದೆಯೇ!

ಅಭಿಮಾನಿಗಳು ಕೇಳುವುದು ತಪ್ಪಲ್ಲ. ಟಿಕೆಟ್ ಕೊಂಡವನಿಗೆ ಕೇಳುವ ಹಕ್ಕುಂಟು. ಆದರೆ ಕೇಳಿದ್ದು ಅರ್ಧ ಪ್ರಶ್ನೆ. ಚಾರ್ಲ್ಟನ್‌ಗೆ 32 ವರ್ಷ, ಮೂರೇ ದಿನಕ್ಕೆ ಸೆಮಿಫೈನಲ್. ಆ ಬಿಸಿಲಲ್ಲಿ ಆತನ ಕಾಲು ಉಳಿಸಬೇಕೆಂಬುದು ಹುಚ್ಚು ಯೋಚನೆಯೇನಲ್ಲ. ಬೆಕೆನ್‌ಬೌರ್ ಗೋಲು ಹೊಡೆದಾಗ ಚಾರ್ಲ್ಟನ್ ಮೈದಾನದಲ್ಲೇ ಇದ್ದ ಅನ್ನೋದನ್ನೂ ಜನ ಮರೆಯುತ್ತಾರೆ. ನಾಳೆಯ ಸಂತೆಗೆಂದು ಒಳ್ಳೇ ಮಾಲು ಎತ್ತಿಡುವುದು ಅಂಗಡಿಯವರಿಗೆ ಗೊತ್ತಿರದ ವಿಷಯವೇ? ಇವತ್ತಿನ ಗಿರಾಕಿ ಇನ್ನೂ ಬಾಗಿಲಲ್ಲಿ ನಿಂತಿರುವಾಗ ಎತ್ತಿಟ್ಟದ್ದೇ ಎಡವಟ್ಟು.

ನಿಜವಾದ ಪ್ರಶ್ನೆ ಟೆರ್ರಿ ಕೂಪರ್‌ನದ್ದು. ಎಡಗಡೆಯ ಬ್ಯಾಕ್ ಈತ. ಹಿಂದೆ ಕಾಯಬೇಕು, ಮುಂದೆ ಓಡಿ ದಾಳಿಗೂ ಕೈ ಜೋಡಿಸಬೇಕು. ಹೋಗಿ ಬಂದೂ ಹೋಗಿ ಬಂದೂ ದಮ್ಮು ಕಟ್ಟಿತ್ತು. ಜರ್ಮನ್ ಮ್ಯಾನೇಜರ್ ಹೆಲ್ಮುಟ್ ಶೋನ್ ಅದನ್ನು ಕಂಡುಹಿಡಿದರು. 0-2 ಹಿಂದಿದ್ದಾಗಲೇ, 57ನೇ ನಿಮಿಷದಲ್ಲಿ, ಗ್ರಾಬೋವ್ಸ್ಕಿಯನ್ನು ಸರಿಯಾಗಿ ಕೂಪರ್ ಎದುರಿಗೆ ಬಿಟ್ಟರು. ದಣಿದ ಎತ್ತಿನ ಮುಂದೆ ಕಟ್ಟುಬಿಚ್ಚಿದ ಹೋರಿ! ಕೊನೆಯ ಗೋಲು ನೋಡಿ: ಗ್ರಾಬೋವ್ಸ್ಕಿ ಕೂಪರ್‌ನನ್ನು ದಾಟಿದ, ಚೆಂಡು ಎತ್ತಿ ಹಾಕಿದ, ಲೋರ್ ತಲೆಯಿಂದ ತಿರುಗಿಸಿದ, ಮುಲ್ಲರ್ ಒದ್ದ.

ವಿಶ್ವಕಪ್ಪಿನಲ್ಲಿ ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿದ್ದೇ ಆ ವರ್ಷ ಮೊದಲು. ತಂಡಕ್ಕೆ ಎರಡೇ. ರಾಮ್ಸೆ ಎರಡನ್ನೂ ನಡುಮೈದಾನಕ್ಕೆ ಖರ್ಚು ಮಾಡಿದರು. ಹೆಚ್ಚುವರಿ 30 ನಿಮಿಷ ಬಂದಾಗ ಜೇಬು ಖಾಲಿ, ಕೂಪರ್ ಅಲ್ಲೇ. ಬಿಸಿಲಲ್ಲಿ ಯಾರ ಕಾಲು ಸೋತಿದೆ ಅಂತ ನೋಡಿ ಬದಲಾಯಿಸಿದವರು ಶೋನ್, ಮುಂದಿನ ಪಂದ್ಯ ನೋಡಿ ಬದಲಾಯಿಸಿದವರು ರಾಮ್ಸೆ.

ಈಗ ಐದು ಬದಲಿ ಇಳಿಸಬಹುದು. 2014ರ ಬ್ರೆಜಿಲ್ ವಿಶ್ವಕಪ್ಪಿನಲ್ಲಿ ಸೆಖೆ ಹೆಚ್ಚಾದಾಗ ಆಟ ನಿಲ್ಲಿಸಿ ನೀರು ಕುಡಿಸಿದರು. ಕೂಪರ್ ಕಾಲಕ್ಕೆ ಇದ್ಯಾವುದೂ ಇರಲಿಲ್ಲ, ಇದ್ದದ್ದು ಎರಡೇ ಚೀಟಿ. ಅಭಿಮಾನಿಗಳು ಇನ್ನೂ ಜಗಳವಾಡುವುದಾದರೆ ಆಡಲಿ. ಆದರೆ ಚಾರ್ಲ್ಟನ್‌ನನ್ನು ಬಿಟ್ಟು, ಆ ಎರಡನೇ ಚೀಟಿ ಎಡಗಡೆಗೆ ಯಾಕೆ ಹೋಗಲಿಲ್ಲ ಅಂತ ಕೇಳಲಿ.