ಬೆನ್ನುಮೂಳೆಗೆ ವಿಡಿಯೊ ವೈದ್ಯ: ತೃಪ್ತಿ ಜಮೆ, ತಪಾಸಣೆ ಬಾಕಿ

ಗಲ್ಫ್‌ನಲ್ಲಿ ದುಡಿಯುವ ನಮ್ಮವರಿಗೆ ಬೆನ್ನುನೋವು ಹೊಸದಲ್ಲ. ಭಾರ ಹೊರುವವರು, ದಿನವಿಡೀ ವಾಹನ ಓಡಿಸುವವರು, ಕಂಪ್ಯೂಟರ್ ಮುಂದೆ ಕೂರುವ ನನ್ನಂಥ ಲೆಕ್ಕಿಗರು ಯಾರೂ ಇದಕ್ಕೆ ಹೊರತಲ್ಲ. ಎಂಆರ್‌ಐ ವರದಿಯನ್ನು ಊರಿನ ವೈದ್ಯರಿಗೆ ವಾಟ್ಸ್‌ಆ್ಯಪ್ ಮಾಡಿ, ‘ಆಪರೇಷನ್ ಬೇಕೇ’ ಎಂದು ವಿಡಿಯೊ ಕರೆಯಲ್ಲಿ ಕೇಳುವವರು ಹಲವರಿದ್ದಾರೆ. ಊರಿನಲ್ಲಿ ಶಸ್ತ್ರಚಿಕಿತ್ಸೆಯಾದ ತಂದೆ–ತಾಯಿಯ ಮರುಭೇಟಿಗೆ ಮಕ್ಕಳು ದುಬೈನಿಂದಲೇ ಸೇರಿಕೊಳ್ಳುವುದೂ ಉಂಟು. ಈ ವ್ಯವಸ್ಥೆಯನ್ನು ಎಷ್ಟು ನಂಬಬಹುದು?

ಕೋವಿಡ್ ಕಾಲದಲ್ಲಿ ಅಮೆರಿಕದ ಬೆನ್ನುಮೂಳೆ ಚಿಕಿತ್ಸಾಲಯಗಳ 772 ರೋಗಿಗಳ ಸಮೀಕ್ಷೆಯೊಂದು ನಡೆಯಿತು. ಸುಮಾರು ಶೇ 88ರಷ್ಟು ಮಂದಿ ವಿಡಿಯೊ ಭೇಟಿ ತೃಪ್ತಿ ತಂದಿತು ಎಂದರು. ಆದರೆ ಆಯ್ಕೆ ಕೊಟ್ಟರೆ ಖುದ್ದು ಭೇಟಿಗಿಂತ ವಿಡಿಯೊವೇ ಇರಲಿ ಎಂದವರು ಶೇ 45 ಮಾತ್ರ.

ಈ ಎರಡು ಅಂಕಿಗಳ ಅಂತರವನ್ನು ಗಮನಿಸಬೇಕು. ಪ್ರಯಾಣ ಉಳಿಯಿತು, ಕಾಯುವುದು ತಪ್ಪಿತು, ವೈದ್ಯರು ಮಾತಿಗೆ ಸಿಕ್ಕರು ಎಂಬ ಸಮಾಧಾನ ತೃಪ್ತಿಯ ಲೆಕ್ಕಕ್ಕೆ ಸೇರುತ್ತದೆ. ರೋಗ ಸರಿಯಾಗಿ ಪತ್ತೆಯಾಯಿತೇ ಎಂಬುದು ಅದರಲ್ಲಿ ಕಾಣುವುದಿಲ್ಲ. ವಿಮಾನದ ಟಿಕೆಟ್, ರಜೆ, ಸಂಬಳ ಕಡಿತ ಎಲ್ಲವೂ ಉಳಿಯುವ ನಮಗೆ ತೃಪ್ತಿ ಇನ್ನೂ ಹೆಚ್ಚೇ ಆದೀತು. ಆ ಸಮಾಧಾನದಲ್ಲೇ ಇಲ್ಲಿನ ವೈದ್ಯರ ಬಳಿ ಹೋಗುವುದನ್ನು ಮುಂದೂಡುವ ಅಪಾಯವಿದೆ.

ಸ್ಕ್ಯಾನ್ ಚಿತ್ರ ನೋಡಿ ವಿವರಿಸಲು, ಗಾಯ ಒಣಗಿದೆಯೇ ಎಂದು ಗಮನಿಸಲು, ವ್ಯಾಯಾಮ ಹೇಳಿಕೊಡಲು, ಎರಡನೇ ಅಭಿಪ್ರಾಯ ನೀಡಲು ವಿಡಿಯೊ ಸಾಕಾಗಬಹುದು. ಆದರೆ ಮೊಣಕಾಲಿಗೆ ತಟ್ಟಿ ನರದ ಪ್ರತಿಕ್ರಿಯೆ ನೋಡಲು, ಪಾದದ ಬಲ ಅಳೆಯಲು, ಸ್ಪರ್ಶಜ್ಞಾನ ಪರೀಕ್ಷಿಸಲು ವೈದ್ಯರ ಕೈಯೇ ಬೇಕು. ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದಂತೆ ಕಂಡರೂ ನೋವೇ ಇಲ್ಲದವರಿದ್ದಾರೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ತೀರ್ಮಾನ ಚಿತ್ರವೊಂದರಿಂದಲೇ ಆಗಬಾರದು.

ಇನ್ನು ನಿಯಮದ ಮಾತು. ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿ 2020ರ ಮಾರ್ಚ್ 25ರಂದು ಜಾರಿಗೆ ಬಂತು. ಹಾಸನದಲ್ಲಿರುವ ತಾಯಿ ಬೆಂಗಳೂರಿನ ವೈದ್ಯರನ್ನು ವಿಡಿಯೊದಲ್ಲಿ ಕಂಡರೆ ಅದು ಅನ್ವಯಿಸುತ್ತದೆ. ತಾಯಿ ಜೊತೆಗಿಲ್ಲದೆ ಮಗನೊಬ್ಬನೇ ಮಾತನಾಡುವುದಾದರೆ, ತಾಯಿಯ ಅಧಿಕೃತ ಒಪ್ಪಿಗೆಯನ್ನೋ ಸಂಬಂಧದ ದಾಖಲೆಯನ್ನೋ ಮೊದಲೇ ಕೊಟ್ಟಿರುವುದು ಒಳ್ಳೆಯದು. ಆದರೆ ಭಾರತದ ಹೊರಗಿನ ಸಮಾಲೋಚನೆ ಈ ಮಾರ್ಗಸೂಚಿಯ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಶಾರ್ಜಾದಲ್ಲಿ ಕುಳಿತು ಮಂಗಳೂರಿನ ವೈದ್ಯರಿಂದ ಪಡೆದ ಸಲಹೆಗೆ ಅದರ ಆಸರೆ ಇಲ್ಲ. ಅಂಥ ಭೇಟಿಯ ಶುಲ್ಕವನ್ನು ಇಲ್ಲಿನ ವಿಮೆ ಭರಿಸುತ್ತದೆಯೇ ಎಂಬುದನ್ನೂ ಪಾಲಿಸಿಯಲ್ಲಿ ಓದಿ ನೋಡಬೇಕು.

ರಜೆಯ ಲೆಕ್ಕವೂ ಇದೆ. ಯುಎಇಯ ಖಾಸಗಿ ವಲಯದಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನಗಳವರೆಗೆ ಅನಾರೋಗ್ಯ ರಜೆ ಸಿಗುತ್ತದೆ: ಮೊದಲ 15 ದಿನ ಪೂರ್ಣ ಸಂಬಳ, ನಂತರದ 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. ಇದಕ್ಕೆ ವೈದ್ಯಕೀಯ ವರದಿ ಬೇಕು. ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ಚೇತರಿಕೆಗೆ ವಾರಗಟ್ಟಲೆ ಬೇಕಾಗಬಹುದು. ಆದ್ದರಿಂದ ಇಲ್ಲಿನ ಪರವಾನಗಿ ಪಡೆದ ವೈದ್ಯರ ದಾಖಲೆ ಆರಂಭದಿಂದಲೇ ಇರಲಿ, ಊರಿನವರ ಸಲಹೆ ಅದರ ಜೊತೆಗಿರಲಿ.

ಊರಿನಲ್ಲಿರುವ ಕುಟುಂಬದವರು ಒಂದು ವಿಷಯ ನೆನಪಿಡಬೇಕು. ಮೂತ್ರ ಕಟ್ಟುವುದು ಅಥವಾ ಮಲ–ಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿನಲ್ಲಿ ಜೋಮು, ಪಾದ ಎತ್ತಲಾಗದಿರುವುದು, ಶಸ್ತ್ರಚಿಕಿತ್ಸೆಯ ನಂತರ ಜ್ವರ ಅಥವಾ ಗಾಯದಿಂದ ಕೀವು ಎಂದು ದೂರದಲ್ಲಿರುವವರು ಫೋನಿನಲ್ಲಿ ಹೇಳಿದರೆ, ವಿಡಿಯೊ ಭೇಟಿಗೆ ಸಮಯ ಗೊತ್ತುಮಾಡುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅಂದೇ ಹೋಗುವಂತೆ ಒತ್ತಾಯಿಸಿ.