ನಕ್ಕವರ ಸಾಕ್ಷ್ಯ

ಐರ್ಲೆಂಡಿನ ಟೆಲಿವಿಷನ್ ವಿಡಂಬನೆಯ ಚರಿತ್ರೆಯನ್ನು ಪ್ರೇಕ್ಷಕರ ಕಡೆಯಿಂದ ಬರೆಯಹೊರಟವರಿಗೆ ಮೊದಲು ಎದುರಾಗುವುದು ಆಕರಗಳ ತೊಡಕು. ಕಾರ್ಯಕ್ರಮ ನೋಡಿ ಮನಸಾರೆ ನಕ್ಕವರು ದೀಪ ಆರಿಸಿ ಮಲಗುತ್ತಾರೆ. ನೊಂದವರು ಮತ್ತು ಕೆರಳಿದವರು ಪತ್ರ ಬರೆಯುತ್ತಾರೆ, ಪ್ರಸಾರ ಸಂಸ್ಥೆಗೆ ಫೋನ್ ಮಾಡುತ್ತಾರೆ, ಪತ್ರಿಕೆಗಳ ವಾಚಕರ ವಿಭಾಗದಲ್ಲಿ ಕಾಣಿಸಿಕೊಳ್ಳುತ್ತಾರೆ. ಹೀಗಾಗಿ ಸಂಸ್ಥೆಗಳ ಕಡತಗಳಲ್ಲಿ ಉಳಿದುಬರುವ ಪ್ರೇಕ್ಷಕ ಬಹುಮಟ್ಟಿಗೆ ದೂರುದಾರನೇ ಆಗಿರುತ್ತಾನೆ. ಈ ಏರುಪೇರು ಚರಿತ್ರಕಾರರ ಕಷ್ಟವಾಗಿ ಮಾತ್ರ ಉಳಿಯದೆ, ಐರ್ಲೆಂಡಿನಲ್ಲಿ ಯಾವ ಅಣಕು ಉಳಿಯಬೇಕು, ಯಾವುದಕ್ಕೆ ಕ್ಷಮೆ ಕೇಳಬೇಕು ಎಂಬ ತೀರ್ಮಾನಗಳನ್ನೂ ರೂಪಿಸಿದೆ ಎಂಬುದು ಈ ಟಿಪ್ಪಣಿಯ ವಾದ.

ಇಲ್ಲಿ ಚರ್ಚೆಯಲ್ಲಿರುವುದು ಮುಖ್ಯವಾಗಿ ಕಿರುಪ್ರಹಸನ, ಎಂದರೆ ಕನ್ನಡದ ವೇದಿಕೆಗಳಲ್ಲಿಯೂ ಕಿರುತೆರೆಯಲ್ಲಿಯೂ ‘ಸ್ಕಿಟ್’ ಎಂದು ರೂಢಿಯಾಗಿರುವ, ಕೆಲವೇ ನಿಮಿಷಗಳಲ್ಲಿ ಮುಗಿಯುವ, ಮುಂದುವರಿಯುವ ಕಥೆಯಿಲ್ಲದ ಹಾಸ್ಯರೂಪ. ಈ ರೂಪ ಆ ದೇಶದಲ್ಲಿ ಬೆಳೆದದ್ದು ಬಹುಪಾಲು ಆರ್‌ಟಿಇ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆಯ ಆಶ್ರಯದಲ್ಲಿ. ಅದರ ಟೆಲಿವಿಷನ್ ಸೇವೆ ಆರಂಭವಾದದ್ದು 1961ರ ಡಿಸೆಂಬರ್ 31ರ ರಾತ್ರಿ. ಎರಡನೆಯ ವಾಹಿನಿ ಬಂದದ್ದು 1978ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಬ್ರಿಟಿಷ್ ವಾಹಿನಿಗಳ ಅಲೆಗಳು ತಲುಪುತ್ತಿದ್ದ ಪೂರ್ವ ಕರಾವಳಿ ಮತ್ತು ಗಡಿಭಾಗಗಳನ್ನು ಬಿಟ್ಟರೆ ಉಳಿದ ಮನೆಗಳಲ್ಲಿ ನೋಡಲು ಇದ್ದದ್ದು ಒಂದೇ ವಾಹಿನಿ. ಇದಕ್ಕೆ ಟಿ.ವಿ. ಇರುವ ಪ್ರತಿ ಮನೆಯೂ ಕಟ್ಟಬೇಕಾದ ವಾರ್ಷಿಕ ಪರವಾನಗಿ ಶುಲ್ಕವನ್ನು ಸೇರಿಸಿ ನೋಡಬೇಕು. ಇತ್ತೀಚಿನ ವರ್ಷಗಳಲ್ಲಿ 160 ಯೂರೋ ಇರುವ ಈ ಶುಲ್ಕವನ್ನು ತೆತ್ತ ಪ್ರೇಕ್ಷಕ ತನ್ನನ್ನು ಗಿರಾಕಿ ಎಂದು ತಿಳಿಯುವುದಕ್ಕಿಂತ ಹೆಚ್ಚಾಗಿ ಪಾಲುದಾರ ಎಂದು ತಿಳಿಯುತ್ತಾನೆ; ಅವನ ಸಿಟ್ಟಿನಲ್ಲಿ ಹಕ್ಕಿನ ದನಿ ಕೇಳಿಸುವುದು ಇದರಿಂದಲೇ, ಮತ್ತು ಆ ಹಕ್ಕು ನ್ಯಾಯವಾದದ್ದೇ.

ಆರಂಭದ ವರ್ಷಗಳಲ್ಲಿ ಆ ಸಿಟ್ಟಿಗೆ ಮಾತು ಕೊಡುತ್ತಿದ್ದುದು ಪ್ರೇಕ್ಷಕನಿಗಿಂತ ಹೆಚ್ಚಾಗಿ ಚರ್ಚು. 1966ರ ಫೆಬ್ರುವರಿಯಲ್ಲಿ ಗೇ ಬರ್ನ್ ನಡೆಸಿಕೊಡುತ್ತಿದ್ದ ‘ದಿ ಲೇಟ್ ಲೇಟ್ ಶೋ’ದಲ್ಲಿ ದಂಪತಿಗಳ ನೆನಪಿನ ಶಕ್ತಿಯನ್ನು ಪರೀಕ್ಷಿಸುವ ಒಂದು ಆಟದ ನಡುವೆ, ಮಧುಚಂದ್ರದ ರಾತ್ರಿ ತೊಟ್ಟ ನಿಲುವಂಗಿಯ ಬಣ್ಣ ಯಾವುದು ಎಂದು ಕೇಳಲಾಯಿತು; ಬಹುಶಃ ಏನನ್ನೂ ತೊಟ್ಟಿರಲಿಲ್ಲ ಎಂಬ ಅರ್ಥದ ಉತ್ತರ ಬಂದಾಗ ಸ್ಟುಡಿಯೋದಲ್ಲಿದ್ದವರು ನಕ್ಕರು. ಕ್ಲಾನ್‌ಫರ್ಟ್ ಧರ್ಮಪ್ರಾಂತದ ಬಿಷಪ್ ಥಾಮಸ್ ರಯಾನ್ ಮರುದಿನವೇ ತಮ್ಮ ಉಪದೇಶದಲ್ಲಿ ಆ ಕಾರ್ಯಕ್ರಮವನ್ನು ಖಂಡಿಸಿದರು, ಮತ್ತು ಸಂಸ್ಥೆ ವಿಷಾದ ಸೂಚಿಸಿತು. ಇದು ವಿಡಂಬನೆಯೂ ಅಲ್ಲ, ಪ್ರಹಸನವೂ ಅಲ್ಲ. ಆದರೂ ಮುಂದಿನ ಅರ್ಧ ಶತಮಾನದ ಪ್ರಸಂಗಗಳಿಗೆ ಮಾದರಿ ಇಲ್ಲಿಯೇ ಸಿದ್ಧವಾಯಿತು. ಸ್ಟುಡಿಯೋದಲ್ಲಿ ನಕ್ಕ ಜನರನ್ನೂ ಮನೆಗಳಲ್ಲಿ ನಕ್ಕಿರಬಹುದಾದ ಇನ್ನೆಷ್ಟೋ ಜನರನ್ನೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಕ್ಕವರು ಲೆಕ್ಕಕ್ಕೆ ಬಂದರು ಎಂದು ಐರ್ಲೆಂಡಿನ ಜನ ಇಂದಿಗೂ ನಂಬುವ ಒಂದು ಉದಾಹರಣೆ ಇದೆ. ಫ್ರ್ಯಾಂಕ್ ಹಾಲ್ ರೂಪಿಸಿದ ‘ಹಾಲ್ಸ್ ಪಿಕ್ಟೋರಿಯಲ್ ವೀಕ್ಲಿ’ 1971ರಲ್ಲಿ ಆರಂಭವಾಗಿ ಆ ದಶಕದ ಉದ್ದಕ್ಕೂ ಪ್ರಸಾರವಾಯಿತು. ಜಿಲ್ಲಾಮಟ್ಟದ ಒಂದು ವಾರಪತ್ರಿಕೆಯ ವೇಷ ತೊಟ್ಟಿದ್ದ ಈ ಕಾರ್ಯಕ್ರಮದ ಭೂಗೋಳ ಬ್ಯಾಲಿಮಗ್ಯಾಶ್ ಎಂಬ ಕಲ್ಪಿತ ಊರು; ಅಲ್ಲಿಯ ನಗರಸಭೆ, ಅದರ ಬಾಯಿಬಡುಕ ಸದಸ್ಯರು, ಊರಿನ ಸಣ್ಣತನ, ದೊಡ್ಡ ಮಾತು, ಎಲ್ಲವೂ ಯಾವುದೇ ಐರಿಷ್ ಪಟ್ಟಣದ ನಿವಾಸಿ ಹೆಸರು ಹಿಡಿದು ಗುರುತಿಸಬಲ್ಲಷ್ಟು ಹತ್ತಿರದವು. 1973ರಲ್ಲಿ ಲಿಯಮ್ ಕಾಸ್‌ಗ್ರೇವ್ ನೇತೃತ್ವದಲ್ಲಿ ಫಿನ ಗೇಲ್ ಮತ್ತು ಲೇಬರ್ ಪಕ್ಷಗಳ ಸಮ್ಮಿಶ್ರ ಸರ್ಕಾರ ಬಂದ ಬೆನ್ನಿಗೇ ತೈಲ ಬಿಕ್ಕಟ್ಟು ಬಂತು. 1975ರಲ್ಲಿ ಹಣದುಬ್ಬರ ಶೇ. 20ನ್ನು ದಾಟಿತು, ಹಣಕಾಸು ಸಚಿವ ರಿಚಿ ರಯಾನ್ ತೆರಿಗೆಗಳನ್ನು ಏರಿಸಬೇಕಾಯಿತು. ಆಗ ನಟ ಏಮನ್ ಮಾರಿಸ್ಸಿ ‘ಸಂಕಷ್ಟ ಖಾತೆಯ ಸಚಿವ’ನಾಗಿ ತೆರೆಯ ಮೇಲೆ ಬಂದ. ಜನರಿಗೆ ಇನ್ನಷ್ಟು ಕಷ್ಟ ಕೊಡುವುದನ್ನೇ ಇಲಾಖೆಯ ಕರ್ತವ್ಯವೆಂದು ನಂಬಿದ್ದ ಆ ಪಾತ್ರ ನಿಜವಾದ ಸಚಿವರಿಗೆ ಅಂಟಿಕೊಂಡಿತು, ಮತ್ತು ಅವರಿಗೆ ‘ರಿಚಿ ರೂಯಿನ್’, ಅಂದರೆ ಹಾಳುಗೆಡಹುವ ರಿಚಿ, ಎಂಬ ಅಡ್ಡಹೆಸರೂ ಬಿತ್ತು.

1977ರ ಜೂನ್ ಚುನಾವಣೆಯಲ್ಲಿ ಆ ಸರ್ಕಾರ ಸೋತು, ಫಿಯನಾ ಫಾಲ್ ಪಕ್ಷ 148 ಸ್ಥಾನಗಳ ಪೈಕಿ 84ನ್ನು ಗೆದ್ದಾಗ, ಕಾಸ್‌ಗ್ರೇವ್ ಸರ್ಕಾರವನ್ನು ಕೆಡವಿದ್ದರಲ್ಲಿ ಹಾಲ್ ಅವರ ಕಾರ್ಯಕ್ರಮದ ಪಾಲು ದೊಡ್ಡದು ಎಂಬ ಮಾತು ಹಬ್ಬಿತು. ಈ ಮಾತನ್ನು ಅಕ್ಷರಶಃ ಒಪ್ಪುವುದು ಕಷ್ಟ. ಮನೆಗಂದಾಯವನ್ನೂ ವಾಹನ ತೆರಿಗೆಯನ್ನೂ ರದ್ದು ಮಾಡುವುದಾಗಿ ಫಿಯನಾ ಫಾಲ್ ಪ್ರಣಾಳಿಕೆಯಲ್ಲಿ ಮಾತು ಕೊಟ್ಟಿತ್ತು. ಆಳುವ ಕೂಟಕ್ಕೆ ಅನುಕೂಲವಾಗಲೆಂದು ಸ್ಥಳೀಯಾಡಳಿತ ಸಚಿವ ಜೇಮ್ಸ್ ಟಲಿ ಮಾಡಿದ ಕ್ಷೇತ್ರ ಪುನರ್ವಿಂಗಡಣೆ ಆ ಕೂಟಕ್ಕೇ ತಿರುಗುಬಾಣವಾಗಿತ್ತು. ಸೋಲಿಗೆ ಇಷ್ಟು ಕಾರಣ ಸಾಕು. ಆದರೂ ಜನರ ಆ ನಂಬಿಕೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ನಕ್ಕ ಪ್ರೇಕ್ಷಕರು ತಮ್ಮ ನಗುವಿಗೆ ತಾವೇ ಬರೆದುಕೊಂಡ ದಾಖಲೆ ಅದು. ಅದರ ಬೇರು ಬಹಳ ಹಳೆಯದು. ಐರಿಷ್ ಪುರಾಣಕಥೆಗಳಲ್ಲಿ ಕೈರ್‌ಬ್ರ ಎಂಬ ಕವಿ ಬ್ರೆಸ್ ಎಂಬ ಜಿಪುಣ ರಾಜನ ಅತಿಥಿಯಾಗಿ ಹೋದಾಗ ಅವನಿಗೆ ಬೆಂಕಿಯೂ ಹಾಸಿಗೆಯೂ ಇಲ್ಲದ ಇಕ್ಕಟ್ಟು ಕೋಣೆ, ತಿನ್ನಲು ಮೂರು ಒಣ ರೊಟ್ಟಿ ಸಿಕ್ಕವು. ಬೆಳಗ್ಗೆ ಎದ್ದು ಅವನು ಹಾಡಿದ ನಿಂದಾಕವನದಿಂದ ರಾಜನ ಐಸಿರಿ ಕುಗ್ಗತೊಡಗಿ ಕೊನೆಗೆ ಪಟ್ಟವೇ ಹೋಯಿತು ಎನ್ನುತ್ತದೆ ಕಥೆ. ಕವಿಯ ನಿಂದೆಗೆ ಗುರಿಯಾದವನ ಮುಖದಲ್ಲಿ ಬೊಕ್ಕೆಗಳೇಳುತ್ತವೆ ಎಂಬ ನಂಬಿಕೆಯೂ, ಅನ್ಯಾಯವಾಗಿ ನಿಂದಿಸಿದವನು ಮಾನನಷ್ಟದ ಬೆಲೆ ತೆರಬೇಕೆಂಬ ಕಟ್ಟಳೆಯೂ ಪ್ರಾಚೀನ ಐರ್ಲೆಂಡಿನಲ್ಲಿ ಜೊತೆಜೊತೆಗೇ ಇದ್ದವು. ಅಣಕಿಗೆ ಅಷ್ಟು ಶಕ್ತಿ ಇದೆ ಎಂದು ನಂಬುವ ಸಮಾಜದಲ್ಲಿ ಅದನ್ನು ಕಂಡು ಸಂತೋಷಪಡುವವರೂ ಹೆದರುವವರೂ ಒಂದೇ ನಂಬಿಕೆಯನ್ನು ಹಂಚಿಕೊಂಡಿರುತ್ತಾರೆ. ಫ್ರ್ಯಾಂಕ್ ಹಾಲ್ 1978ರಲ್ಲಿ ದೇಶದ ಚಲನಚಿತ್ರ ಸೆನ್ಸಾರ್ ಅಧಿಕಾರಿಯಾಗಿ ನೇಮಕಗೊಂಡದ್ದನ್ನೂ ಈ ಹಿನ್ನೆಲೆಯಲ್ಲಿ ಓದಿದರೆ ಅಷ್ಟು ವಿಚಿತ್ರವಾಗಿ ತೋರುವುದಿಲ್ಲ.

ಪ್ರೇಕ್ಷಕರ ಮೆಚ್ಚುಗೆ ಎದ್ದು ಕಾಣುವಂತೆ ಪ್ರಕಟವಾದದ್ದು ಕಾರ್ಯಕ್ರಮವೊಂದು ನಿಂತಾಗ. ಡರ್ಮಟ್ ಮಾರ್ಗನ್ 1979ರಿಂದ 1982ರವರೆಗಿನ ‘ದಿ ಲೈವ್ ಮೈಕ್’ ಎಂಬ ಟಿ.ವಿ. ಕಾರ್ಯಕ್ರಮದಲ್ಲಿ, ಕಾಲಕ್ಕೆ ತಕ್ಕಂತೆ ಮಾತಾಡಲು ಹಂಬಲಿಸುವ ‘ಫಾದರ್ ಟ್ರೆಂಡಿ’ ಎಂಬ ಪಾದ್ರಿಯಾಗಿ ಹೆಸರಾದವರು. ಅವರು ಜೆರಿ ಸ್ಟೆಂಬ್ರಿಜ್ ಜೊತೆಗೂಡಿ 1989ರಿಂದ ನಡೆಸಿದ ‘ಸ್ಕ್ರ್ಯಾಪ್ ಸ್ಯಾಟರ್‌ಡೇ’ ಬಾನುಲಿಯದಾದರೂ ಇಲ್ಲಿ ಬಿಡುವಂತಿಲ್ಲ. ಪ್ರಧಾನಿ ಚಾರ್ಲ್ಸ್ ಹಾಹಿ ಮತ್ತು ಅವರ ಪತ್ರಿಕಾ ಕಾರ್ಯದರ್ಶಿ ಪಿ. ಜೆ. ಮಾರಾ ನಡುವಿನ ಒಡೆಯ–ಆಳು ಸಂಬಂಧವನ್ನು ಅಣಕಿಸಿದ ಅದರ ಪ್ರಹಸನಗಳಿಗಾಗಿ ಶನಿವಾರ ಬೆಳಗ್ಗೆ ಜನ ಕಾಯುತ್ತಿದ್ದರು. 1991ರಲ್ಲಿ ಅದು ನಿಂತಾಗ ಕೇಳುಗರಲ್ಲಿ ಅಸಮಾಧಾನ ಎದ್ದಿತು. ಸಂಸ್ಥೆ ರಾಜಕೀಯಕ್ಕೆ ಮಣಿದಿದೆ ಎಂದು ಮಾರ್ಗನ್ ಬಹಿರಂಗವಾಗಿ ದೂರಿದರು. ರದ್ದು ಮಾಡಿಲ್ಲ, ಮುಂದುವರಿಸುತ್ತಿಲ್ಲ ಅಷ್ಟೇ ಎಂಬಂಥ ಉತ್ತರ ಸಂಸ್ಥೆಯ ಕಡೆಯಿಂದ ಬಂತು. ಮೆಚ್ಚಿದವರೂ ದೂರುದಾರರಾದ ಮೇಲಷ್ಟೇ ಅವರ ದನಿ ಕೇಳಿಸಿತು ಎಂಬುದನ್ನು ಗಮನಿಸಬೇಕು. ಮಾರ್ಗನ್ ಮುಂದೆ ‘ಫಾದರ್ ಟೆಡ್’ ಆಗಿ ಜಗತ್ತಿಗೆ ಪರಿಚಿತರಾದದ್ದು ಬ್ರಿಟನ್ನಿನ ಚಾನೆಲ್ 4ರ ಮೂಲಕ, ತಮ್ಮ ದೇಶದ ವಾಹಿನಿಯ ಮೂಲಕವಲ್ಲ. ಆ ಧಾರಾವಾಹಿಯ ಕೊನೆಯ ಕಂತಿನ ಚಿತ್ರೀಕರಣ ಮುಗಿದ ಮರುದಿನ, 1998ರ ಫೆಬ್ರುವರಿ 28ರಂದು, ಅವರು ತೀರಿಕೊಂಡರು.

2009ರಲ್ಲಿ ಆರಂಭವಾದ ಡೇವಿಡ್ ಮಕ್‌ಸ್ಯಾವೇಜ್ ಅವರ ‘ದಿ ಸ್ಯಾವೇಜ್ ಐ’ ಎಬ್ಬಿಸಿದ ಪ್ರತಿಕ್ರಿಯೆ ಬೇರೆ ಬಗೆಯದು. ಬ್ಯಾಂಕುಗಳು ಕುಸಿದಿದ್ದ, ಚರ್ಚಿನ ಆಶ್ರಯದ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳ ತನಿಖಾ ವರದಿಗಳು ಹೊರಬಂದಿದ್ದ ವರ್ಷ ಅದು. ಕುಡಿತ, ಧರ್ಮ, ರಾಜಕಾರಣ ಮೊದಲಾದವುಗಳ ಬಗ್ಗೆ ಐರಿಷರು ಏಕೆ ಹೀಗೆ ಎಂಬ ಪ್ರಶ್ನೆಯನ್ನು ಕಂತುಕಂತಾಗಿ ಎತ್ತಿಕೊಂಡು, ಹಿತವಾಗಿ ನಗಿಸುವ ಉದ್ದೇಶವನ್ನೇ ಬಿಟ್ಟುಕೊಟ್ಟ ಆ ಪ್ರಹಸನಗಳನ್ನು ಕೆಲವರು ಅಸಹ್ಯವೆಂದರು, ಕೆಲವರು ಆ ಕಾಲದಲ್ಲಿ ನಿಜ ನುಡಿದ ಏಕೈಕ ಕಾರ್ಯಕ್ರಮವೆಂದರು. ಮಕ್‌ಸ್ಯಾವೇಜ್ ಮಾಜಿ ವಿದೇಶಾಂಗ ಸಚಿವ ಡೇವಿಡ್ ಆಂಡ್ರೂಸ್ ಅವರ ಮಗ; ಆಳುವ ಮನೆತನದ ಒಳಗಿನಿಂದಲೇ ಬಂದ ಸಿಟ್ಟಾದ್ದರಿಂದ ಅದಕ್ಕೆ ಹೆಚ್ಚಿನ ತೂಕ ಇತ್ತೆಂದು ತೋರುತ್ತದೆ.

ಅದೇ 2009ರಲ್ಲಿ ಇನ್ನೊಂದು ಬೆಳವಣಿಗೆಯಾಯಿತು. 1937ರ ಸಂವಿಧಾನ ದೈವನಿಂದನೆಯನ್ನು ಅಪರಾಧವೆಂದು ಹೇಳಿತ್ತಾದರೂ ಅದರ ಲಕ್ಷಣ ಯಾವುದೆಂದು ವಿವರಿಸಿರಲಿಲ್ಲ. ಮಾನನಷ್ಟ ಕಾಯ್ದೆಯ ಮೂಲಕ ಶಾಸಕಾಂಗ ಅದಕ್ಕೆ ಲಕ್ಷಣವನ್ನೂ 25,000 ಯೂರೋವರೆಗಿನ ದಂಡವನ್ನೂ ಗೊತ್ತುಮಾಡಿತು. ನಿಂದನೆಗೆ ಗುರಿಯಾದ ಧರ್ಮದ ಅನುಯಾಯಿಗಳಲ್ಲಿ ಗಣನೀಯ ಸಂಖ್ಯೆಯವರು ಕೆರಳಿರಬೇಕು ಎಂಬುದು ಆ ಲಕ್ಷಣದ ಒಂದು ಭಾಗ. ಅಂದರೆ ಪ್ರೇಕ್ಷಕರ ಪ್ರತಿಕ್ರಿಯೆಯೇ ಅಪರಾಧದ ಘಟಕಾಂಶವಾಯಿತು. ಇದರ ಪರಿಣಾಮ ಗೊತ್ತಾದದ್ದು 2017ರಲ್ಲಿ: ನಟ ಸ್ಟೀಫನ್ ಫ್ರೈ 2015ರಲ್ಲಿ ಆರ್‌ಟಿಇ ಸಂದರ್ಶನವೊಂದರಲ್ಲಿ ದೇವರ ಬಗ್ಗೆ ಆಡಿದ ಕಟುಮಾತುಗಳ ಮೇಲೆ ಬಂದ ದೂರನ್ನು ಪೊಲೀಸರು ಕೈಬಿಟ್ಟರು, ಏಕೆಂದರೆ ಕೆರಳಿದವರ ಗಣನೀಯ ಸಂಖ್ಯೆ ಅವರಿಗೆ ಸಿಗಲಿಲ್ಲ. ಮರುವರ್ಷ, 2018ರ ಅಕ್ಟೋಬರ್ 26ರ ಜನಮತಗಣನೆಯಲ್ಲಿ ಸುಮಾರು ಶೇ. 65ರಷ್ಟು ಮತದಾರರು ದೈವನಿಂದನೆ ಎಂಬ ಪದವನ್ನು ಸಂವಿಧಾನದಿಂದ ತೆಗೆಯಲು ಒಪ್ಪಿದರು.

ಅದಾಗಿ ಎರಡು ವರ್ಷಕ್ಕೆ, 2020ರ ಡಿಸೆಂಬರ್ 31ರ ರಾತ್ರಿ ಆರ್‌ಟಿಇಯ ಹೊಸವರ್ಷದ ಕಾರ್ಯಕ್ರಮದಲ್ಲಿ, ‘ವಾಟರ್‌ಫರ್ಡ್ ವಿಸ್ಪರ್ಸ್ ನ್ಯೂಸ್’ ಎಂಬ ಅಣಕುವಾರ್ತೆಯ ತಂಡ ಸಿದ್ಧಪಡಿಸಿದ ಚಿಕ್ಕ ಪ್ರಹಸನವೊಂದು ಪ್ರಸಾರವಾಯಿತು. ವರ್ಷದ ಸುದ್ದಿಗಳನ್ನು ಓದಿದವರು ಆರ್‌ಟಿಇಯ ನಿಜವಾದ ಮಾಜಿ ವಾರ್ತಾವಾಚಕ ಏಂಗಸ್ ಮಕ್ ಗ್ರಿಯಾನ. ಓದಿದ ಸುದ್ದಿಗಳಲ್ಲಿ ಒಂದರ ಸಾರಾಂಶ ಹೀಗಿದೆ: ಲೈಂಗಿಕ ದೌರ್ಜನ್ಯದ ಆರೋಪ ಹೊತ್ತವರ ಸಾಲಿಗೆ ಈಗ ದೇವರೂ ಸೇರಿದ್ದಾನೆ, ಮಧ್ಯಪ್ರಾಚ್ಯದ ಒಬ್ಬ ವಲಸಿಗ ಯುವತಿಯನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಬಸಿರು ಮಾಡಿದ್ದಕ್ಕಾಗಿ ಎರಡು ವರ್ಷದ ಸಜೆಯಾಗಿದ್ದು ಅದರ ಕೊನೆಯ 24 ತಿಂಗಳನ್ನು ಅಮಾನತಿನಲ್ಲಿ ಇಡಲಾಗಿದೆ, ಇದನ್ನು ಕೇಳಿದ ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ತನ್ನ ಮರುವಿಚಾರಣೆ ಐರ್ಲೆಂಡಿನಲ್ಲಿ ನಡೆಯಲಿ ಎಂದು ಬೇಡಿಕೊಂಡಿದ್ದಾನೆ. ಎರಡು ವರ್ಷ ಎಂದರೆ 24 ತಿಂಗಳೇ ಆದ್ದರಿಂದ ಅಪರಾಧಿ ಒಂದು ದಿನವೂ ಸೆರೆಮನೆ ಕಾಣುವುದಿಲ್ಲ. ಅದೇ ವರ್ಷ ನ್ಯೂಯಾರ್ಕಿನಲ್ಲಿ 23 ವರ್ಷದ ಶಿಕ್ಷೆಗೊಳಗಾಗಿದ್ದ ವೈನ್‌ಸ್ಟೀನ್‌ಗೆ ಐರಿಷ್ ನ್ಯಾಯಾಲಯಗಳು ಆಕರ್ಷಕವಾಗಿ ಕಂಡದ್ದು ಅದಕ್ಕಾಗಿ. ವಾಕ್ಯಗಳ ಕ್ರಮವನ್ನು ಹಿಡಿದು ಓದಿದರೆ ಬಾಣದ ತುದಿ ಇರುವುದು ಅತ್ಯಾಚಾರಿಗಳನ್ನು ಅಮಾನತಿನ ಶಿಕ್ಷೆಯೊಂದಿಗೆ ಮನೆಗೆ ಕಳಿಸುವ ನ್ಯಾಯವ್ಯವಸ್ಥೆಯ ಕಡೆಗೆ.

ಆದರೆ ಬಾಣ ಹಾದುಹೋದದ್ದು ಕನ್ಯೆ ಮರಿಯಮ್ಮನ ಮೂಲಕ. ಜನವರಿ 1 ಕ್ಯಾಥಲಿಕರಿಗೆ ದೇವಮಾತೆಯ ಹಬ್ಬ, ಪ್ರಸಾರವಾದದ್ದು ಅದರ ಮುನ್ನಾರಾತ್ರಿ. ಆರ್ಮಾದ ಆರ್ಚ್‌ಬಿಷಪ್ ಏಮನ್ ಮಾರ್ಟಿನ್ ಇದನ್ನು ದೈವನಿಂದನೆ ಎಂದು ಕರೆದರು. ದಿನಗಳೊಳಗೆ ಸಾವಿರಾರು ದೂರುಗಳು ಬಂದವು. ಆ ನೋವು ನಿಜವಾದದ್ದು. ಅದನ್ನು ಮತಾಂಧತೆ ಎಂದು ತಳ್ಳಿಹಾಕಿದವರು ಆ ಭಕ್ತರಿಗೆ ಅನ್ಯಾಯ ಮಾಡಿದರು. ತಾವು ಸೆರಗೊಡ್ಡಿ ಬೇಡಿಕೊಳ್ಳುವ ತಾಯಿಯನ್ನು ಅತ್ಯಾಚಾರದ ಬಲಿಪಶುವಾಗಿ ಕಲ್ಪಿಸಿಕೊಳ್ಳುವಂತೆ ಒತ್ತಾಯಿಸುವ ವಾಕ್ಯವನ್ನು ಕೇಳಿದ ಮೇಲೆ, ಮುಂದಿನ ವಾಕ್ಯ ನ್ಯಾಯಾಲಯದ ಕುರಿತಾದದ್ದು ಎಂದು ಗಮನಿಸುವ ವ್ಯವಧಾನ ಯಾರಿಗೆ ಉಳಿದೀತು? ಪ್ರಹಸನದ ಕಲಾದೋಷ ಇರುವುದು ಇಲ್ಲಿಯೇ: ಗುರಿಗಿಂತ ದಾರಿ ದೊಡ್ಡದಾಯಿತು. ಅಲ್ಲದೆ, ಅತ್ಯಾಚಾರಕ್ಕೆ ಒಳಗಾದವರ ಪರವಾಗಿ ಎತ್ತಿದ ದನಿಯೇ ಅವರ ಅನುಭವವನ್ನು ನಗೆಯ ಸರಕಾಗಿಸಿತು ಎಂಬ ಆಕ್ಷೇಪಕ್ಕೆ ಧರ್ಮಶ್ರದ್ಧೆಯ ಅಗತ್ಯವೂ ಇಲ್ಲ.

ಆರ್‌ಟಿಇ ಮೊದಲಿಗೆ, ಹಾಸ್ಯದಲ್ಲಿ ಯಾವುದು ನೋಯಿಸುತ್ತದೆ ಎಂಬುದು ಜನರಿಂದ ಜನರಿಗೆ ಬೇರೆಯಾಗುತ್ತದೆ ಎಂಬ ಧಾಟಿಯಲ್ಲಿ ಮಾತಾಡಿತು. ಜನವರಿಯ ಮೊದಲ ವಾರ ಮುಗಿಯುವಷ್ಟರಲ್ಲಿ ಸಂಸ್ಥೆಯ ಸಂಪಾದಕೀಯ ಮಾನದಂಡಗಳ ಮಂಡಳಿ, ಧಾರ್ಮಿಕ ನಂಬಿಕೆಗಳಿಗೆ ತಕ್ಕ ಗೌರವ ತೋರಬೇಕೆಂಬ ಪ್ರಸಾರ ಸಂಹಿತೆಗೆ ಪ್ರಹಸನ ಅನುಗುಣವಾಗಿಲ್ಲ ಎಂದು ತೀರ್ಮಾನಿಸಿತು. ಮಹಾನಿರ್ದೇಶಕಿ ಡೀ ಫೋರ್ಬ್ಸ್ ಕ್ಷಮೆ ಕೇಳಿದರು. ತುಣುಕನ್ನು ಸಂಸ್ಥೆಯ ಆನ್‌ಲೈನ್ ವೇದಿಕೆಯಾದ ಪ್ಲೇಯರ್‌ನಿಂದ ತೆಗೆಯಲಾಯಿತು. ಕ್ಷಮೆ ಕೇಳಿದ್ದು ತಪ್ಪಲ್ಲ. ತಪ್ಪು ಏನೆಂದರೆ, ಪ್ರಹಸನ ಎತ್ತಿದ ಅಮಾನತಿನ ಶಿಕ್ಷೆಯ ಪ್ರಶ್ನೆ ಆ ತುಣುಕಿನೊಂದಿಗೇ ಕಣ್ಮರೆಯಾಗಲು ಬಿಟ್ಟದ್ದು. ಆ ರಾತ್ರಿ ವೈನ್‌ಸ್ಟೀನ್ ಸಾಲಿಗೆ ನಕ್ಕವರು, ನಗುತ್ತಲೇ ತಮ್ಮ ದೇಶದ ನ್ಯಾಯಾಲಯಗಳ ಬಗ್ಗೆ ನಾಚಿಕೊಂಡವರು ಖಂಡಿತ ಇದ್ದರು, ಆದರೆ ಮಂಡಳಿಯ ಮುಂದೆ ಅವರ ಪರವಾಗಿ ಇಡಲು ಒಂದು ಕಾಗದವೂ ಇದ್ದಂತಿಲ್ಲ. ಆರ್‌ಟಿಇ ಆ ವಿಷಯದ ಮೇಲೆ ಒಂದು ಗಂಭೀರ ಚರ್ಚೆಯನ್ನು ಏರ್ಪಡಿಸಿದ್ದರೆ, ನೊಂದ ಭಕ್ತರಿಗೂ ಈ ಪ್ರೇಕ್ಷಕರಿಗೂ ಒಟ್ಟಿಗೇ ಉತ್ತರ ಕೊಟ್ಟಂತಾಗುತ್ತಿತ್ತು.

2009ರ ಪ್ರಸಾರ ಕಾಯ್ದೆಯ ಪ್ರಕಾರ ಕಾರ್ಯಕ್ರಮವೊಂದರ ಮೇಲೆ ದೂರು ಕೊಡಲು ಪ್ರೇಕ್ಷಕನಿಗೆ ಪ್ರಸಾರದ ನಂತರ 30 ದಿನಗಳ ಅವಕಾಶವಿದೆ. 2023ರ ಮಾರ್ಚ್‌ನಿಂದ ಹಿಂದಿನ ಪ್ರಸಾರ ಪ್ರಾಧಿಕಾರದ ಜಾಗದಲ್ಲಿ ‘ಕಿಮಿಶೂನ್ ನ ಮ್ಯಾನ್’ ಎಂಬ ಮಾಧ್ಯಮ ಆಯೋಗ ಬಂದು ಆನ್‌ಲೈನ್ ದೃಶ್ಯಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ದೂರು ಬಂದಾಗ ಅದೇ ಕಾರ್ಯಕ್ರಮವನ್ನು ಮೆಚ್ಚಿದವರನ್ನೂ ಹೆಸರು ಕೂಗಿ ಕರೆದು, ಅವರು ಕಂಡದ್ದು ಏನು, ನಕ್ಕದ್ದು ಯಾವುದಕ್ಕೆ ಎಂದು ಕೇಳಿ ಬರೆದಿಡುವ ಕ್ರಮವನ್ನು ಈ ಆಯೋಗವಾದರೂ ಆರಂಭಿಸಬೇಕು.