ಏಕತಾರಿಯ ಪಕ್ಕದಲ್ಲಿ ಗಿಟಾರ್

ರಘು ದೀಕ್ಷಿತ್ ಗಿಟಾರ್ ಕಲಿತದ್ದು ಪಂಥಕ್ಕೆ ಬಿದ್ದು. 1974ರ ನವೆಂಬರ್ 11ರಂದು ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಅವರು ಬಾಲ್ಯದಿಂದ ಅಭ್ಯಾಸ ಮಾಡಿದ್ದು ಭರತನಾಟ್ಯವನ್ನು. ಕಾಲೇಜಿನಲ್ಲಿ ಗಿಟಾರ್ ನುಡಿಸುತ್ತಿದ್ದ ಸಹಪಾಠಿಯೊಬ್ಬ ಗಂಡುಹುಡುಗ ಗೆಜ್ಜೆ ಕಟ್ಟುವುದನ್ನು ಗೇಲಿ ಮಾಡಿದನಂತೆ. ಎರಡು ತಿಂಗಳಲ್ಲಿ ಗಿಟಾರ್ ಕಲಿತು ತೋರಿಸುತ್ತೇನೆಂದು ಇವರು ಸವಾಲು ಹಾಕಿದರು. ಸೆಮಿನರಿಯೊಂದಕ್ಕೆ ಹೋಗಿ, ಪಾದ್ರಿಯಾಗಲು ಓದುತ್ತಿದ್ದ ಹುಡುಗರ ಪಕ್ಕದಲ್ಲಿ ಕೂತು ತಂತಿಯ ಮೇಲೆ ಬೆರಳಿಡುವುದನ್ನು ಕಲಿತರು. ಈ ಕಥೆಯನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪಂಥ ಗೆದ್ದ ಮೇಲೂ ಗಿಟಾರ್ ಕೈಬಿಡಲಿಲ್ಲ, ಗೆಜ್ಜೆಯೂ ಕಾಲು ಬಿಡಲಿಲ್ಲ. ಮುಂದೆ ಇಂಗ್ಲೆಂಡಿನ ವೇದಿಕೆಗಳಲ್ಲಿ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರ್ ತೂಗುಹಾಕಿಕೊಂಡು ನಿಂತಾಗ ಆ ವೇಷವನ್ನು ನೋಡಿ ಬೆರಗಾದವರು ಬಹಳ ಮಂದಿ. ಅದು ಪ್ರದರ್ಶನಕ್ಕೆಂದು ಹೊಸದಾಗಿ ಹೊಲಿಸಿದ ವೇಷವಾಗಿರಲಿಲ್ಲ, ಮೈಸೂರಿನ ಆ ಹುಡುಗನ ಎರಡು ಕಲಿಕೆಗಳೂ ಅದರಲ್ಲಿದ್ದವು.

ಓದಿನಲ್ಲೂ ಅವರು ಮುಂದಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಸೂಕ್ಷ್ಮಜೀವಶಾಸ್ತ್ರ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದರು. ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸ ಸಿಕ್ಕಿತು. ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಪ್ರಸಾರವಾಗಿ ಕೇಳುಗರು ಮೆಚ್ಚಿದ ಮೇಲೆ, ನೌಕರಿ ಬಿಟ್ಟು ಊರಿಗೆ ಮರಳುವ ತೀರ್ಮಾನ ಮಾಡಿದರು. ಮಧ್ಯಮವರ್ಗದ ಮನೆಗಳಲ್ಲಿ ಮಗ ವಿದೇಶದ ಕೆಲಸ ಬಿಟ್ಟು ಬರುತ್ತೇನೆಂದರೆ, ಅದೂ ಗಿಟಾರ್ ಬಾರಿಸಲಿಕ್ಕೆ ಬರುತ್ತೇನೆಂದರೆ, ಏನಾಗುತ್ತದೆಂದು ವಿವರಿಸಬೇಕಿಲ್ಲ.

ಮೈಸೂರಿನಲ್ಲಿ ಕಟ್ಟಿದ ‘ಅಂತರಾಗ್ನಿ’ ಅವರ ಮೊದಲ ಮುಖ್ಯ ತಂಡ. ಕಾಲೇಜು ಉತ್ಸವಗಳಲ್ಲಿ, ಬೆಂಗಳೂರಿನ ವೇದಿಕೆಗಳಲ್ಲಿ ಹೆಸರಾಯಿತು. ಆದರೆ ತಂಡ ಉಳಿಯಲಿಲ್ಲ. ರಾಕ್ ತಂಡಗಳ ಇತಿಹಾಸವೆಲ್ಲ ಹೀಗೆಯೇ. ನಾಲ್ಕೈದು ಜನ, ಒಬ್ಬೊಬ್ಬರಿಗೂ ಹೊಟ್ಟೆಪಾಡು, ಕಾರ್ಯಕ್ರಮದಿಂದ ಬಂದ ದುಡ್ಡು ಪ್ರಯಾಣಕ್ಕೆ ಸರಿಹೋಗುತ್ತದೆ. ಮದುವೆಯಾದವನು ಮೊದಲು ಬಿಡುತ್ತಾನೆ. 1970ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ತಂಡ ಬಹಳ ಜನಪ್ರಿಯವಾಗಿತ್ತು. ಅದರ ಡ್ರಮ್ಮರ್ ರಮೇಶ್ ಶೋಥಂ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಅಭ್ಯಾಸ ಮಾಡಿ, ಜರ್ಮನಿಯಲ್ಲಿ ನೆಲೆಸಿದರು. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಮಾತ್ರ ಗಿಟಾರ್ ವಾದಕ ಬ್ರೂಸ್ ಲೀ ಮಣಿ ಅವರ ಹಟದಿಂದಲೋ ಏನೋ, ಸದಸ್ಯರು ಬದಲಾದರೂ ದಶಕಗಳ ಕಾಲ ಉಳಿದುಕೊಂಡಿತು. ಅವರ ಹಾಡುಗಳು ಇಂಗ್ಲಿಷಿನಲ್ಲಿದ್ದವು. ಬೆಂಗಳೂರು ದಾಟಿ ತುಮಕೂರಿನತ್ತ ಬಂದರೆ ಆ ಹೆಸರು ಕೇಳಿದವರು ವಿರಳ. ಕನ್ನಡದಲ್ಲಿ ಹಾಡುವ ರಾಕ್ ಗಿಟಾರ್ ವಾದಕನಿಗೆ ಇನ್ನೊಂದು ತೊಡಕಿತ್ತು. ಒಂದು ಕಡೆ ಇಂಗ್ಲಿಷ್ ಪಬ್, ಇನ್ನೊಂದು ಕಡೆ ಸಿನಿಮಾ. ನಡುವೆ ಅವನ ಹಾಡಿಗೆ ಜಾಗವೆಲ್ಲಿ?

ಅಂತರಾಗ್ನಿ ಒಡೆದ ಮೇಲೆ ದೀಕ್ಷಿತ್ ಒಬ್ಬರೇ ಗಿಟಾರ್ ಹಿಡಿದು ಹಾಡುತ್ತ ತಿರುಗಿದರು. ಜೊತೆಗೆ ಯಾರು ಸಿಕ್ಕರೆ ಅವರನ್ನು ಸೇರಿಸಿಕೊಳ್ಳುವ ಸಡಿಲ ಏರ್ಪಾಡಿಗೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಹೆಸರಾಯಿತು. ಧ್ವನಿಮುದ್ರಿಕೆ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಭಾರತದಲ್ಲಿ ಹಾಡಿನ ವ್ಯಾಪಾರವೆಂದರೆ ಸಿನಿಮಾ ಹಾಡಿನ ವ್ಯಾಪಾರ. ಸಿನಿಮಾದ್ದಲ್ಲದ, ಅದರಲ್ಲೂ ಕನ್ನಡ, ಹಿಂದಿ, ಇಂಗ್ಲಿಷ್ ಬೆರೆತ ಆಲ್ಬಂ ಯಾವ ಕಪಾಟಿಗೂ ಹೊಂದುತ್ತಿರಲಿಲ್ಲ. ಮುಂಬೈಗೆ ಹೋಗಿ ಕಾದರು. ಆ ಕಾಯುವಿಕೆಯ ಮೇಲೇ ಇಂಗ್ಲಿಷಿನಲ್ಲೊಂದು ಹಾಡು ಕಟ್ಟಿದರು. ಕೊನೆಗೆ ಸಂಗೀತ ನಿರ್ದೇಶಕರಾದ ವಿಶಾಲ್ ದದ್ಲಾನಿ ಮತ್ತು ಶೇಖರ್ ರಾವ್ಜಿಯಾನಿ ದೀಕ್ಷಿತರ ಹಾಡು ಕೇಳಿ, ತಮ್ಮ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಮೂಲಕ 2008ರಲ್ಲಿ ಮೊದಲ ಆಲ್ಬಂ ಹೊರತಂದರು. ಗಾಯಕನಿಗೆ ಆಗ ಮೂವತ್ತಮೂರು ವರ್ಷ.

ಆ ಆಲ್ಬಂನಲ್ಲಿ ‘ಮೈಸೂರ್ ಸೆ ಆಯಿ’, ‘ಹೇ ಭಗವಾನ್’ ಮುಂತಾದ ಹಿಂದಿ ಹಾಡುಗಳ ನಡುವೆ ಶಿಶುನಾಳ ಶರೀಫರ ‘ಗುಡುಗುಡಿಯಾ ಸೇದಿ ನೋಡೋ’ ಕೂತಿತ್ತು. ಮುಂದಿನ ವರ್ಷಗಳಲ್ಲಿ ‘ಲೋಕದ ಕಾಳಜಿ’ಯನ್ನೂ ಹಾಡಿದರು. ಈ ಗಿಟಾರ್ ವಾದಕನ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳುವುದು ಇದೇ ಭಾಗ. ಇದರ ಬಗ್ಗೆ ತುಸು ನಿಂತು ಹೇಳಬೇಕು.

ಶರೀಫರು 1819ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುವಿನಾಳದಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸ್ಲಿಂ ಮನೆಯ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಕಂಡ ಕಂಡ ವಸ್ತುವನ್ನೇ ಹಿಡಿದು ದೇಹ, ಗುರು, ಮುಕ್ತಿಗಳ ಮಾತಾಡಿದವರು. ಗುಡುಗುಡಿಯ ಹಾಡಿನಲ್ಲೂ ತಂಬಾಕು ಸೇದುವ ಕೊಳವೆಯನ್ನು ಮುಂದಿಟ್ಟುಕೊಂಡು ಒಳಗಿನ ವಿಷಯಗಳನ್ನು ಸುಡುವ ಮಾತಿದೆ. ಭಜನೆ ಮನೆಗಳಲ್ಲಿ ಇಂಥ ಪದಗಳು ಏಕತಾರಿ, ದಮ್ಮಡಿ, ತಾಳ ಹಿಡಿದು, ಬಹಳವೆಂದರೆ ಒಂದು ಹಾರ್ಮೋನಿಯಂ ಇಟ್ಟುಕೊಂಡು ಸಾಗಿಬಂದವು. ಧಾರವಾಡದ ಕಡೆ ಹೇಗೋ ಹಾಗೆ ಚಿಕ್ಕನಾಯಕನಹಳ್ಳಿ, ತಿಪಟೂರಿನ ಸೀಮೆಯಲ್ಲೂ ತತ್ವಪದ ಹೊಸತಲ್ಲ. ಸಿ. ಅಶ್ವತ್ಥ್ ಶರೀಫರ ಪದಗಳಿಗೆ ರಾಗ ಹಾಕಿ, ವಾದ್ಯವೃಂದ ಕೂಡಿಸಿ ಕ್ಯಾಸೆಟ್ಟಿಗೆ ತಂದಾಗ ಅವು ನಾಡಿನ ಮನೆಮನೆಗೂ ಹೊಕ್ಕವು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ 1990ರಲ್ಲಿ ಬಂತು, ಅದಕ್ಕೂ ಅಶ್ವತ್ಥರದೇ ಸಂಗೀತ. ಹಾಗಾಗಿ ಶರೀಫರ ಪದಕ್ಕೆ ಎಲೆಕ್ಟ್ರಿಕ್ ಗಿಟಾರ್ ಹಚ್ಚಿ ಕೆಡಿಸಿದರು ಎಂದು ದೂರುವವರು ನೆನಪಿಡಬೇಕಾದ ಸಂಗತಿಯೊಂದಿದೆ. ಅವರು ಯಾವುದನ್ನು ಹಳೆಯ ಧಾಟಿ ಎನ್ನುತ್ತಾರೋ ಅದರಲ್ಲಿ ಹೆಚ್ಚಿನದು ಅಶ್ವತ್ಥರ ಧಾಟಿ. ಭಜನೆಯವರ ಕಿವಿಗೆ ಅದೂ ಒಮ್ಮೆ ಹೊಸದಾಗಿತ್ತು.

ಗಿಟಾರ್ ತತ್ವಪದಕ್ಕೆ ಒಗ್ಗಲು ಸಂಗೀತದೊಳಗಿನದೇ ಒಂದು ಕಾರಣವಿದೆ. ಪಾಶ್ಚಾತ್ಯ ಸಂಗೀತದ ಸಾಮಾನ್ಯ ಕಾರ್ಡಿನಲ್ಲಿ ಮೂರು ಸ್ವರ ಒಟ್ಟಿಗೆ ನುಡಿಯುತ್ತವೆ: ಷಡ್ಜ, ಗಾಂಧಾರ, ಪಂಚಮ. ಗಾಂಧಾರ ಮೇಲಿನದಾದರೆ ಮೇಜರ್, ಕೆಳಗಿನದಾದರೆ ಮೈನರ್. ಗಾಂಧಾರ ಹೀಗೆ ಗಟ್ಟಿಯಾಗಿ ಕೂತುಬಿಟ್ಟರೆ ಹಾಡುವವನ ಸ್ವರಕ್ಕೆ ಸ್ವಾತಂತ್ರ್ಯ ಕಡಿಮೆ. ರಾಗದಲ್ಲಿ ಗಾಂಧಾರವನ್ನು ಅಲುಗಿಸಿ, ಜಾರಿಸಿ ಹಾಡುವ ನಮ್ಮ ಪದ್ಧತಿಗೆ ಅದು ಅಡ್ಡ ಬರುತ್ತದೆ. ಸುಗಮ ಸಂಗೀತದ ಎಷ್ಟೋ ಧ್ವನಿಮುದ್ರಿಕೆಗಳಲ್ಲಿ ಗಿಟಾರ್ ಅಂಟದೆ ಉಳಿಯುವುದು ಇದರಿಂದಲೇ. ರಾಕ್ ಸಂಗೀತದಲ್ಲಿ ಬೇರೊಂದು ಅಭ್ಯಾಸ ಬೆಳೆಯಿತು. ಆಂಪ್ಲಿಫೈಯರಿನಲ್ಲಿ ನಾದವನ್ನು ಒಡಕಾಗಿಸಿ, ದಪ್ಪವಾಗಿಸಿ ನುಡಿಸುವಾಗ ತಂತಿಯ ಮೂಲಸ್ವರದೊಂದಿಗೆ ಬೇಡದ ಉಪಸ್ವರಗಳು ಏಳುತ್ತವೆ. ಆಗ ಗಾಂಧಾರ ಸೇರಿದರೆ ಎಲ್ಲ ಕಲಸಿ ಗದ್ದಲವಾಗುತ್ತದೆ. ಷಡ್ಜ ಪಂಚಮಗಳ ಕಂಪನಸಂಖ್ಯೆ ಎರಡಕ್ಕೆ ಮೂರರ ಸರಳ ಅನುಪಾತದಲ್ಲಿರುವುದರಿಂದ ಅವೆರಡೇ ಇದ್ದರೆ ನಾದ ಎಷ್ಟೇ ಒರಟಾದರೂ ಸ್ಪಷ್ಟವಾಗಿ ನಿಲ್ಲುತ್ತದೆ. ಅದಕ್ಕಾಗಿ ರಾಕ್ ವಾದಕರು ಗಾಂಧಾರವನ್ನು ಕೈಬಿಟ್ಟು ಷಡ್ಜ ಪಂಚಮಗಳನ್ನಷ್ಟೇ ಮೀಟುತ್ತಾರೆ; ಅದಕ್ಕೆ ಪವರ್ ಕಾರ್ಡ್ ಎನ್ನುತ್ತಾರೆ. ತಂಬೂರಿಯಲ್ಲಿ ಸಾಮಾನ್ಯವಾಗಿ ಮಿಡಿಯುವುದೂ ಇದೇ ಷಡ್ಜ ಪಂಚಮ. ಏಕತಾರಿಯ ಒಂಟಿ ತಂತಿ ಹಿಡಿದಿರುವುದು ಷಡ್ಜವನ್ನು. ಹಾಗಾಗಿ ಎಷ್ಟೇ ಅಬ್ಬರ ಮಾಡಿದರೂ ಈ ಬಗೆಯ ಗಿಟಾರ್ ಹಾಡುಗಾರನಿಗೆ ಶ್ರುತಿಯನ್ನಷ್ಟೇ ಕೊಟ್ಟು, ರಾಗವನ್ನು ಅವನಿಗೇ ಬಿಡುತ್ತದೆ. ಇದರ ಮೇಲೆ ಶರೀಫರ ಪದವನ್ನು ದೊಡ್ಡ ಕಂಠದಲ್ಲಿ ಹಾಡಿದಾಗ ಪದ ಮುಳುಗುವುದಿಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಬಾಗಿಸುವ ರಾಕ್ ವಾದಕನ ಕೈಚಳಕಕ್ಕೂ ವೀಣೆಯಲ್ಲಿ ಗಮಕ ಹಿಡಿಯುವ ಬೆರಳಿಗೂ ಹತ್ತಿರದ ನಂಟಿದೆ.

2008ರಲ್ಲೇ ‘ಸೈಕೋ’ ಚಿತ್ರಕ್ಕೆ ದೀಕ್ಷಿತ್ ಸಂಗೀತ ಕೊಟ್ಟರು. ಅದರಲ್ಲಿ ಬಂದ ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಮಲೆ ಮಾದಪ್ಪನ ಒಕ್ಕಲಿನ ಧಾಟಿಯನ್ನು ಕಾಲೇಜು ಹುಡುಗರ ಬಾಯಿಗೆ ತಂದಿತು. 2010ರ ‘ಜಸ್ಟ್ ಮಾತ್ ಮಾತಲ್ಲಿ’ಯ ಹಾಡುಗಳನ್ನು ಈಗಲೂ ಬಸ್ಸುಗಳಲ್ಲಿ ಕೇಳಬಹುದು. ಅದೇ ವರ್ಷ ಬಿಬಿಸಿಯಲ್ಲಿ ಜೂಲ್ಸ್ ಹಾಲಂಡ್ ನಡೆಸುವ ಸಂಗೀತ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಸಿಕ್ಕಿತು. ‘ಸಾಂಗ್‌ಲೈನ್ಸ್’ ಪತ್ರಿಕೆ ಆ ವರ್ಷದ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು. ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರಲ್ಲಿ ಬಂತು. ತಂಡದ ಸದಸ್ಯರು ಬಂದರು, ಹೋದರು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಗಿಟಾರ್ ಹಿಡಿದವರೆಲ್ಲರಿಗೂ ಇನ್ನೊಂದು ಕಷ್ಟ ಎದುರಾಗಿತ್ತು. 2005ರಲ್ಲಿ ನಗರದ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡುವ ಆದೇಶ ಬಂತು. ಅದರ ಗುರಿ ಲೈವ್ ಬ್ಯಾಂಡ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಬಾರುಗಳು. ಆದರೆ ಆ ನಿಯಮದ ಬಿಸಿ ಪಬ್ಬುಗಳಲ್ಲಿ ನುಡಿಸುತ್ತಿದ್ದ ಸಂಗೀತಗಾರರಿಗೂ ತಟ್ಟಿತು; 2008ರ ಸುಮಾರಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಕಾರ್ಯಕ್ರಮಗಳು ನಿಂತು, ಕಲಾವಿದರು ಪ್ರತಿಭಟಿಸಬೇಕಾಯಿತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್, ಐರನ್ ಮೇಡನ್, ಮೆಟಾಲಿಕಾ ತಂಡಗಳನ್ನು ಕರೆಸಿ ಸಂಭ್ರಮಪಟ್ಟ ನಗರದಲ್ಲಿ ಊರಿನ ಹುಡುಗರಿಗೆ ನಿಲ್ಲುವಷ್ಟು ಜಾಗ ಇಕ್ಕಟ್ಟಾದದ್ದು ನ್ಯಾಯವಲ್ಲ.

2018ರ ಅಕ್ಟೋಬರಿನಲ್ಲಿ ದೀಕ್ಷಿತರ ವೃತ್ತಿಗೆ ಬಿದ್ದ ಪೆಟ್ಟು ಬೇರೆ ಬಗೆಯದು. ದೇಶದಲ್ಲೆಲ್ಲ ಮಿ ಟೂ ಚಳವಳಿ ನಡೆಯುತ್ತಿದ್ದಾಗ ಗಾಯಕಿ ಚಿನ್ಮಯಿ ಶ್ರೀಪಾದ ಅವರು ಮತ್ತೊಬ್ಬ ಗಾಯಕಿ ಅನುಭವಿಸಿದ ಅನುಚಿತ ವರ್ತನೆಯನ್ನು ಬಹಿರಂಗಗೊಳಿಸಿ ದೀಕ್ಷಿತರ ಹೆಸರು ಹೇಳಿದರು. ದೀಕ್ಷಿತ್ ಆ ಗಾಯಕಿಯಲ್ಲಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಕಂಪನಿಗಳು ಬಾಗಿಲು ಮುಚ್ಚಿದ್ದು, ತಂಡ ಒಡೆದದ್ದು ಹೊರಗಿನಿಂದ ಬಂದ ಕಷ್ಟಗಳು. ಅವನ್ನು ಸಹಾನುಭೂತಿಯಿಂದ ಬರೆಯಬಹುದು. ಇದನ್ನು ಹಾಗೆ ಬರೆಯಲಾಗದು. ಕಲಾವಿದನ ಪ್ರತಿಭೆಯ ಮಾತು ಬಂದಾಗ ಇಂಥ ಸಂಗತಿಯನ್ನು ಮರೆಮಾಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಧ್ವನಿಮುದ್ರಣದ ಕೋಣೆಗೆ ಹಾಡಲು ಬರುವ ಹೆಣ್ಣುಮಗಳು ನಿರ್ಭಯವಾಗಿ ಬಂದು ಹೋಗುವಂತಿಲ್ಲದಿದ್ದರೆ ಅಲ್ಲಿ ತಯಾರಾಗುವ ಸಂಗೀತದ ಹಿರಿಮೆಯನ್ನು ಎಷ್ಟು ಹೊಗಳಿದರೂ ಅದು ಅರ್ಧ ಮಾತು. ಶರೀಫರ ಪದಗಳ ಮೇಲೆ ದೀಕ್ಷಿತ್ ಮಾಡಿದ ಕೆಲಸವೂ ಈ ಸಂಗತಿಯೂ ಒಂದೇ ವೃತ್ತಿಜೀವನದಲ್ಲಿವೆ, ಒಟ್ಟಿಗೇ ದಾಖಲಾಗಬೇಕು.

ಆ ಬಳಿಕ ಅವರು ಹೆಚ್ಚಾಗಿ ಸಿನಿಮಾ ಸಂಗೀತದಲ್ಲೇ ಕೇಳಿಬಂದರು. 2020ರ ‘ಲವ್ ಮಾಕ್‌ಟೇಲ್’ ಹಾಡುಗಳು ದೊಡ್ಡ ಯಶಸ್ಸು ಕಂಡವು. 2023ರ ಜನವರಿಯಲ್ಲಿ ಬಂದ ‘ಆರ್ಕೆಸ್ಟ್ರಾ ಮೈಸೂರು’ ಚಿತ್ರಕ್ಕೂ ಅವರದೇ ಸಂಗೀತ. ಹಾಡುಗಳನ್ನು ಬರೆದವರು ನಟ ಧನಂಜಯ. ಗಣಪತಿ ಪೆಂಡಾಲುಗಳಲ್ಲಿ, ಮದುವೆ ಮನೆಗಳಲ್ಲಿ ಹಾಡುವ ಆರ್ಕೆಸ್ಟ್ರಾದವರ ಬದುಕೇ ಆ ಚಿತ್ರದ ವಸ್ತು.

ತೆಂಗಿನ ಸೀಮೆಯ ಜನಕ್ಕೆ ಆ ಬದುಕು ಚೆನ್ನಾಗಿ ಗೊತ್ತು. ತಿಪಟೂರು, ತುರುವೇಕೆರೆ, ಹುಳಿಯಾರಿನ ಜಾತ್ರೆ, ಗಣಪತಿ ಉತ್ಸವಗಳಲ್ಲಿ ರಾತ್ರಿ ಆರ್ಕೆಸ್ಟ್ರಾ ಇರುತ್ತದೆ. ಗಾಯಕರ ಹೆಸರನ್ನು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಗಿಟಾರ್ ಹಿಡಿದ ಹುಡುಗ ಕೀಬೋರ್ಡಿನ ಹಿಂದೆ ನಿಂತು, ಸಿನಿಮಾ ಹಾಡಿನ ನಡುವೆ ಬರುವ ತುಣುಕನ್ನು ಒಂದು ಸ್ವರವೂ ತಪ್ಪದಂತೆ ನುಡಿಸಿ, ಬೆಳಗಿನ ಜಾವ ವ್ಯಾನು ಹತ್ತಿ ಹೋಗುತ್ತಾನೆ. ಸ್ವಂತ ಹಾಡೊಂದನ್ನು ನುಡಿಸು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಪಕ್ಕದ ಬೀದಿಯ ಭಜನೆ ಮನೆಯಲ್ಲಿ ತತ್ವಪದ ಹಾಡುವ ಹಿರಿಯರಿಗೂ ಅವನಿಗೂ ಭೇಟಿಯೇ ಆಗಿರುವುದಿಲ್ಲ. ಉತ್ಸವ ಸಮಿತಿಗಳು, ಕಾಲೇಜುಗಳು ಈ ವರ್ಷ ಒಂದು ಸಂಜೆಯಲ್ಲಿ ಅರ್ಧ ಗಂಟೆಯನ್ನಾದರೂ ಇಬ್ಬರನ್ನೂ ಒಂದೇ ವೇದಿಕೆಗೆ ಕರೆಯಲು ಮೀಸಲಿಡಲಿ.